ಪೆನ್ನಿ ಡ್ರೆಡ್‌ಫುಲ್: ವೆನೆಸ್ಸಾ ಸಾಯಲೇಬೇಕಿತ್ತಾ? (ಕೊನೆಯವರೆಗಿನ ಕಥೆ ಇದೆ, ನೋಡದವರು ಓದಬೇಡಿ)

ಕಿಟಕಿ ಪಕ್ಕದ ಸೀಟು

ಒಂದು ತಿಂಗಳಿಂದ ರಾತ್ರಿ ಊಟ ಆದಮೇಲೆ ದಿನಕ್ಕೊಂದು ಕಂತು ಅಂತ ಇಟ್ಟುಕೊಂಡು, ವಿಕ್ಟೋರಿಯಾ ರಾಣಿ ಕಾಲದ ಲಂಡನ್ನಿನಲ್ಲಿ ನಡೆಯುವ ಈ ಭಯಾನಕ ಟಿವಿ ಸರಣಿಯನ್ನು ಇಡಿಯಾಗಿ ಎರಡನೇ ಸಲ ನೋಡಿದೆ. ಮೊದಲ ಸೀಸನ್ 8, ಎರಡನೆಯದು 10, ಮೂರನೆಯದು 9, ಒಟ್ಟು 27 ಕಂತು. ನಿನ್ನೆ ಮುಗಿಯಿತು. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಮನೆಯಲ್ಲಿ ಇದರ ಬಗ್ಗೆ ಮಾತಾಡುವವರು ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2016ರಲ್ಲಿ ಮೊದಲ ಸಲ ನೋಡಿದಾಗ ಕೊನೆಯ ದೃಶ್ಯ ಮುಗಿದು ‘ದಿ ಎಂಡ್’ ಅಂತ ಅಕ್ಷರ ಮೂಡಿತಲ್ಲ, ಅದು ಆ ಸೀಸನ್ನಿಗೆ ಮಾತ್ರ ಅಂದುಕೊಂಡಿದ್ದೆ. ಸರಣಿಯೇ ಮುಗಿಯಿತು ಅಂತ ಚಾನೆಲ್‌ನವರು ಬಾಯಿಬಿಟ್ಟಿದ್ದು ಜೂನ್ 19ರ ರಾತ್ರಿ ಕೊನೆಯ ಎರಡು ಕಂತು ಒಟ್ಟಿಗೆ ಪ್ರಸಾರವಾದ ಮೇಲೆ. ಮೊದಲೇ ಗೊತ್ತಿದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ಕೂರುತ್ತಿದ್ದೆ. ಆಗಿನ ಸಿಟ್ಟು ಇಷ್ಟು ವರ್ಷದಲ್ಲಿ ಇಳಿದಿರುತ್ತದೆ ಅಂತ ನಂಬಿದ್ದೆ. ಇಳಿದಿಲ್ಲ.

ನನ್ನ ತಕರಾರು ಇದು. ಮೊದಲ ಸೀಸನ್ನಿನ ಕೊನೆಯ ದೃಶ್ಯ ನೆನಪು ಮಾಡಿಕೊಳ್ಳಿ. ವೆನೆಸ್ಸಾ ಐವ್ಸ್ ಚರ್ಚಿಗೆ ಹೋಗಿ, ನನ್ನೊಳಗೆ ಹೊಕ್ಕಿರುವುದನ್ನು ಬಿಡಿಸಿಕೊಡಿ ಅಂತ ಪಾದ್ರಿಯನ್ನು ಕೇಳುತ್ತಾಳೆ. ಆತ ತಿರುಗಿ ಕೇಳುವುದು ಒಂದೇ ಪ್ರಶ್ನೆ: ಎಲ್ಲರಂತೆ ಆಗುವುದು ನಿನಗೆ ನಿಜವಾಗಿ ಬೇಕಾ? ಅವಳು ಉತ್ತರ ಕೊಡುವ ಮೊದಲೇ ಕಂತು ಮುಗಿಯುತ್ತದೆ. ಮುಂದಿನ 19 ಕಂತುಗಳನ್ನು ನಾನು ಆ ಉತ್ತರಕ್ಕೋಸ್ಕರ ನೋಡಿದವಳು. ಎರಡನೇ ಸೀಸನ್ನಿನ ಮೂರನೇ ಕಂತಿನಲ್ಲಿ ಬಯಲಿನ ಆ ಒಂಟಿ ಗುಡಿಸಲಿನ ಮುದುಕಿ, ಹೆಂಗಸರ ಬಸಿರು ಇಳಿಸುವ ಮದ್ದುಗಾತಿ, ಅವಳಿಗೆ ವಿದ್ಯೆ ಕಲಿಸುತ್ತಾಳೆ. ರಾತ್ರಿ ಕದ್ದು ಬಂದು ಮದ್ದು ಪಡೆದ ಊರೇ ಹಗಲು ಬಂದು ಆ ಮುದುಕಿಗೆ ಡಾಂಬರು ಮೆತ್ತಿ ಸುಡುತ್ತದೆ. ವೆನೆಸ್ಸಾ ಬೆನ್ನಿಗೆ ಬರೆ ಹಾಕುತ್ತಾರೆ. ಅವಳು ಮುರಿಯುವುದಿಲ್ಲ. ಆ ಸೀಸನ್ನಿನ ಕೊನೆಗೆ ತನ್ನದೇ ಮುಖದ ಗೊಂಬೆಯ ಎದುರು ನಿಂತು, ಗಂಡ ಮಕ್ಕಳು ಮನೆ ಅಂತ ಸೈತಾನ ಒಡ್ಡಿದ ಆಸೆಯನ್ನು ಅವನ ಮುಖಕ್ಕೇ ಎಸೆಯುತ್ತಾಳೆ. ಅಂದರೆ ಪಾದ್ರಿಯ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿತ್ತು: ಬೇಡ, ನಾನು ಹೀಗೇ ಇರುತ್ತೇನೆ.

ಇಷ್ಟೆಲ್ಲ ಆದವಳು ಮೂರನೇ ಸೀಸನ್ನಿನಲ್ಲಿ ಡ್ರಾಕುಲಾನ ತೋಳಿಗೆ ಬೀಳುತ್ತಾಳೆ, ಆಮೇಲೆ ಹೆಚ್ಚುಕಡಿಮೆ ಕಾಣೆಯಾಗುತ್ತಾಳೆ, ಕೊನೆಗೆ ತಾನು ಪ್ರೀತಿಸಿದ ಈಥನ್ ಕೈಯಿಂದ ಗುಂಡು ಹೊಡೆಸಿಕೊಂಡು ಸಾಯುತ್ತಾಳೆ. ಸಾಯುವಾಗ ಬಿಳಿ ಬಟ್ಟೆ, ಬಾಯಲ್ಲಿ ಪ್ರಾರ್ಥನೆ. ವೆನೆಸ್ಸಾ ಆಗಿರುವ ಇವಾ ಗ್ರೀನ್ ಆ ದೃಶ್ಯದಲ್ಲೂ ಎದೆ ಹಿಂಡುತ್ತಾರೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ತನ್ನ ಕತ್ತಲೆಯ ಜೊತೆ ಬದುಕಲು ಕಲಿತ ಹೆಂಗಸನ್ನು ಸಾಯಿಸಿ ಅದಕ್ಕೆ ಮೋಕ್ಷ ಅಂತ ಹೆಸರಿಟ್ಟದ್ದನ್ನು ನನ್ನ ಕೈಲಿ ಒಪ್ಪಲಾಗುತ್ತಿಲ್ಲ. ನಿಮಗೇನನ್ನಿಸಿತು?

ಹುಬ್ಬಳ್ಳಿ ಜಂಕ್ಷನ್

ಅಕ್ಕಾರ, ನಾ ಒಪ್ಪೂದಿಲ್ರಿ. ಆಕಿ ಸೋತು ಸತ್ತಿಲ್ಲ. ಡ್ರಾಕುಲಾ ಆಕೀನ್ನ ಎಳಕೊಂಡು ಹೋಗಿಲ್ಲ, ಆಕಿನ ಒಪ್ಪಿ ಹೋದಾಕಿ. ಹಂಗನ ಸಾವನ್ನೂ ಆಕಿನ ಕೇಳಿ ತಗೊಂಡಾಳ. ಊರ ತುಂಬ ರೋಗದ ಮಂಜು ಕವಿದು ಮಂದಿ ಸಾಯಾಕತ್ತಾರ, ತಾನು ಉಸಿರಾಡೂತನಕ ಅದು ಸರಿಯೂದಿಲ್ಲ ಅಂತ ಆಕಿಗೆ ಗೊತ್ತದ. ಆಕಿ ಮುಂದ ಮತ್ತೇನ ದಾರಿ ಇತ್ರಿ?

ನನಗ ಬ್ಯಾಸರ ಆಗಿದ್ದು ಬ್ಯಾರೇದು. ಗುಂಡ ಹಾರಿದ ಮ್ಯಾಲ ಡ್ರಾಕುಲಾ ಸುಮ್ನ ಎದ್ದು ಹೋಗಿಬಿಡ್ತಾನ! ಮೂರು ಸೀಸನ್ನು ಇವನ ಹೆಸರಿಲೆ ಅಂಜಿಸಿದ್ರು, ಕಡೀಗೆ ಆಂವಗ ಒಂದು ಸಾವೂ ಇಲ್ಲ, ಒಂದು ಮಾತೂ ಇಲ್ಲ. ಅರ್ಧಾ ಸೀಸನ್ನು ಈಥನ್ನನ್ನ ಅಮೆರಿಕಾದ ಮರುಭೂಮ್ಯಾಗ ಕುದುರಿ ಮ್ಯಾಲ ಅಡ್ಡಾಡಿಸಿದ್ರಲ್ಲ, ಅದರಾಗ ಎರಡು ಕಂತು ಉಳಿಸಿ ಲಂಡನ್ನಿಗೆ ಕೊಟ್ಟಿದ್ರ ಈ ಕಡೀ ಆಟ ಹಿಂಗ ಗಡಿಬಿಡಿ ಆಗ್ತಿರಲಿಲ್ಲ.

ಕಿಟಕಿ ಪಕ್ಕದ ಸೀಟು

ಅಣ್ಣ, ಬೇರೆ ದಾರಿ ಇರಲಿಲ್ಲ ಅನ್ನುವ ಹಾಗೆ ಕಥೆ ಕಟ್ಟಿದವರು ಯಾರು? ಬರೆದವರೇ ತಾನೆ. ಜಾನ್ ಲೋಗನ್ ಒಬ್ಬರೇ ಹೆಚ್ಚುಕಡಿಮೆ ಇಡೀ ಸರಣಿ ಬರೆದದ್ದು. ಎರಡು ಸೀಸನ್ ಅವಳಿಗೆ ಮಂತ್ರ, ಮಾಟ, ಎದೆಗಾರಿಕೆ ಎಲ್ಲ ಕೊಟ್ಟು, ಮೂರನೆಯದರಲ್ಲಿ ಒಂದೊಂದಾಗಿ ಕಿತ್ತುಕೊಂಡರು. ಮುದುಕಿ ಕಲಿಸಿದ ವಿದ್ಯೆ ಕೊನೆಗೆ ಎಲ್ಲಿ ಹೋಯಿತು? ಅದರ ಸುಳಿವೇ ಇಲ್ಲ.

ಇಂಗ್ಲಿಷ್ ಮೇಷ್ಟ್ರು

ನಾನು ಪದವಿ ತರಗತಿಗಳಿಗೆ 19ನೇ ಶತಮಾನದ ಇಂಗ್ಲಿಷ್ ಕಾದಂಬರಿ ಪಾಠ ಮಾಡುತ್ತೇನೆ. ಸರಣಿಯ ಹೆಸರಿನಿಂದಲೇ ಶುರು ಮಾಡಬೇಕು ಅನ್ನಿಸುತ್ತಿದೆ, ಯಾಕೆಂದರೆ ಮುಕ್ತಾಯದ ಜಗಳಕ್ಕೂ ಅದಕ್ಕೂ ಸಂಬಂಧವಿದೆ.

ಪೆನ್ನಿ ಡ್ರೆಡ್‌ಫುಲ್ ಅಂದರೆ ವಾರಕ್ಕೊಮ್ಮೆ ಬರುತ್ತಿದ್ದ, ಒಂದು ಪೆನ್ನಿ ಬೆಲೆಯ ಕಥಾ ಕಂತು. ಸಾಮಾನ್ಯವಾಗಿ 8 ಅಥವಾ 16 ಪುಟ, ಅಗ್ಗದ ಕಾಗದ, ಮುಖಪುಟದಲ್ಲಿ ಕೊಲೆಯದೋ ದೆವ್ವದ್ದೋ ಚಿತ್ರ. ಅದೇ ಕಾಲಕ್ಕೆ ಡಿಕನ್ಸ್ ಕಾದಂಬರಿಯ ಮಾಸಿಕ ಕಂತಿಗೆ ಒಂದು ಶಿಲ್ಲಿಂಗ್, ಅಂದರೆ 12 ಪೆನ್ನಿ. ಕೂಲಿಯವರ ಮಕ್ಕಳಿಗೆ, ಅಂಗಡಿ ಹುಡುಗರಿಗೆ ಕೈಗೆಟುಕುತ್ತಿದ್ದದ್ದು ಪೆನ್ನಿಯ ಕಥೆ ಮಾತ್ರ. ‘ವಾರ್ನಿ’ ಎಂಬ ರಕ್ತಪಿಶಾಚಿಯ ಕಥೆ 1845ರಿಂದ 1847ರವರೆಗೆ ಹೀಗೆಯೇ ಹರಿದುಬಂತು. ಡ್ರಾಕುಲಾ ಕಾದಂಬರಿ ಬರಲು ಇನ್ನೂ 50 ವರ್ಷ ಇತ್ತು. ಇವುಗಳ ಮೇಲೆ ದೊಡ್ಡವರಿಗೆ ಎಷ್ಟು ಸಿಟ್ಟಿತ್ತೆಂದರೆ, 1895ರಲ್ಲಿ ಲಂಡನ್ನಿನ ಪೂರ್ವಭಾಗದ ಪ್ಲೇಸ್ಟೋದಲ್ಲಿ 13 ವರ್ಷದ ಹುಡುಗನೊಬ್ಬ ತಾಯಿಯನ್ನು ಕೊಂದಾಗ, ಮನೆಯಲ್ಲಿ ಸಿಕ್ಕ ಇಂಥ ಪುಸ್ತಕಗಳೇ ಕಾರಣ ಅಂತ ಪತ್ರಿಕೆಗಳು ಬರೆದವು. ನಮ್ಮ ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕುತ್ತಿದ್ದ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿ ಬೈಸಿಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಆ ಕಂತುಕಥೆಗಳಿಗೆ ಮುಕ್ತಾಯ ಅಂತ ಒಂದು ಲೆಕ್ಕಾಚಾರ ಇರುತ್ತಿರಲಿಲ್ಲ. ಮಾರಾಟವಾಗುವಷ್ಟು ದಿನ ನಡೆಯುತ್ತಿತ್ತು, ಬಿದ್ದುಹೋದರೆ ಥಟ್ಟನೆ ನಿಲ್ಲುತ್ತಿತ್ತು. ಲೋಗನ್ ಹಾಗೆ ಮಾಡಲಿಲ್ಲ. ವೆನೆಸ್ಸಾಳ ಕಥೆ ಇಲ್ಲಿಗೆ ಸಾಕು ಅಂತ ತಾವೇ ನಿರ್ಧರಿಸಿದ್ದು ಅಂತ ಹೇಳಿದ್ದಾರೆ. ನಾನು ಆ ಮಾತನ್ನು ನಂಬುತ್ತೇನೆ. ಆದರೆ ಕಂತು ನೋಡಿದರೆ, ಕೊನೆ ಮೊದಲೇ ಗೊತ್ತಿದ್ದ ಕಥೆಯ ನಡಿಗೆ ಅಲ್ಲ ಅದು. ಸ್ಟೀವನ್‌ಸನ್ ಕಥೆಯ ಡಾಕ್ಟರ್ ಜೆಕಿಲ್‌ನನ್ನು ತಂದು ಕೊನೆಯ ಕಂತಿನಲ್ಲಿ ಅವನಿಗೆ ಲಾರ್ಡ್ ಹೈಡ್ ಎಂಬ ಬಿರುದು ಬರುವಂತೆ ಮಾಡಿ ಅಲ್ಲಿಗೇ ಬಿಟ್ಟರು. ಸಾವಿನ ಶಾಸ್ತ್ರ ಓದಿದ ಕತ್ತಿವರಸೆಯ ಕ್ಯಾಟ್ರಿಯೋನಾಳನ್ನು ಕಡೆಯ ಕಂತುಗಳಲ್ಲಿ ತಂದರು. ಮುಂದಿನ ಸೀಸನ್ ಇಲ್ಲದವರು ಹೊಸಬರನ್ನು ಯಾಕೆ ಕರೆತರುತ್ತಾರೆ?

ವೆನೆಸ್ಸಾಳ ಗೆಳತಿ ಮೀನಾಳ ವಿಷಯದಲ್ಲಿ ನನಗೆ ಇನ್ನೂ ದೊಡ್ಡ ನೋವಿದೆ. ಡ್ರಾಕುಲಾ ಕಾದಂಬರಿಯ ಮೀನಾ ಶಾರ್ಟ್‌ಹ್ಯಾಂಡ್ ಕಲಿತವಳು, ಟೈಪ್‌ರೈಟರ್ ಬಲ್ಲವಳು. ಎಲ್ಲರ ದಿನಚರಿ, ಕಾಗದ, ತಂತಿ ಸುದ್ದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಟೈಪ್ ಮಾಡಿ ಡ್ರಾಕುಲಾನ ಜಾಡು ಹಿಡಿಯುವ ಕಡತವನ್ನೇ ಅವಳು ಕಟ್ಟುತ್ತಾಳೆ. ಕಥೆಯ ಕೊನೆಗೆ ಬದುಕಿ ಉಳಿಯುತ್ತಾಳೆ. 1897ರ ಪುಸ್ತಕ ಅದು. ಅದಾದ 117 ವರ್ಷಕ್ಕೆ ಬಂದ ಸರಣಿಯಲ್ಲಿ ಮೀನಾ ಬರೇ ಕಳೆದುಹೋದ ಮಗಳು. ಅಪ್ಪ ಅವಳನ್ನು ಹುಡುಕುತ್ತಾನೆ, ಅಪ್ಪನೇ ಗುಂಡಿಟ್ಟು ಕೊಲ್ಲುತ್ತಾನೆ. ಇಬ್ಬರು ಗೆಳತಿಯರೂ ಪ್ರೀತಿಸಿದ ಗಂಡಸರ ಪಿಸ್ತೂಲಿನಿಂದಲೇ ‘ಪಾರಾಗುತ್ತಾರೆ’ ಅನ್ನುವುದನ್ನು ಕಿಟಕಿ ಮೇಡಂ ಗಮನಿಸಿದ್ದೀರಾ?

ಕಿಟಕಿ ಪಕ್ಕದ ಸೀಟು

ಇಲ್ಲ ಮೇಷ್ಟ್ರೇ. ಇವತ್ತಿನವರೆಗೂ ಹೊಳೆದಿರಲಿಲ್ಲ. ಈಗ ಓದಿ ಮೈ ಜುಂ ಅಂದಿತು.

ರಾತ್ರಿಪಾಳಿ

ನಾನು ಮಾನಸಿಕ ಆರೋಗ್ಯದ ವಾರ್ಡಿನಲ್ಲಿ 14 ವರ್ಷದಿಂದ ಶುಶ್ರೂಷಕಿ. ಮುಕ್ತಾಯದ ಬಗ್ಗೆ ನನಗೆ ಹೆಚ್ಚು ಹೇಳುವುದಿಲ್ಲ. ಮೂರನೇ ಸೀಸನ್ನಿನ ನಾಲ್ಕನೇ ಕಂತಿನ ಬಗ್ಗೆ ಯಾರೂ ಮಾತೇ ಎತ್ತಿಲ್ಲ, ಅದಕ್ಕೆ ಬಂದೆ.

ಇಡೀ ಕಂತು ಒಂದೇ ಕೋಣೆ. ಹುಚ್ಚಾಸ್ಪತ್ರೆಯ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಬಿಳಿ ಕೋಣೆ. ಮನೋವೈದ್ಯೆ ಡಾಕ್ಟರ್ ಸೀವರ್ಡ್ ಸಮ್ಮೋಹನ ಮಾಡಿ ವೆನೆಸ್ಸಾಳನ್ನು ಅವಳ ಹಳೇ ನೆನಪಿನೊಳಗೆ ಕಳಿಸುತ್ತಾರೆ. ಅಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದ ಆಳು ಯಾರು ಅಂತ ಗೊತ್ತಾದಾಗ ನನಗೆ ಉಸಿರು ಸಿಕ್ಕಿಕೊಂಡಿತು. ಮುಂದೆ ಫ್ರಾಂಕನ್‌ಸ್ಟೈನ್ ಯಾವ ಶವಕ್ಕೆ ಜೀವ ತುಂಬಿದನೋ ಅದೇ ಮನುಷ್ಯ. ಆಗ ಅವನಿಗೆ ಹೆಂಡತಿ ಇದ್ದಾಳೆ, ಕಾಯಿಲೆಯ ಮಗ ಇದ್ದಾನೆ, ಸಂಬಳಕ್ಕೆ ಈ ಕೆಲಸ ಮಾಡುತ್ತಿದ್ದಾನೆ. ಇವಾ ಗ್ರೀನ್ ಮತ್ತು ರೋರಿ ಕಿನ್ನಿಯರ್, ಹೆಚ್ಚುಕಡಿಮೆ ಇವರಿಬ್ಬರೇ ಕಂತಿನ ಉದ್ದಕ್ಕೂ.

ಅವಳು ಊಟ ಬಿಡುತ್ತಾಳೆ. ಬಲವಂತವಾಗಿ ನಳಿಗೆ ಹಾಕಿ ಉಣಿಸುತ್ತಾರೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗಿ ಹೀಗೇ ಊಟ ಬಿಟ್ಟಿದ್ದಳು. ಒಂದು ರಾತ್ರಿ ಪಾಳಿಯಲ್ಲಿ ಅವಳ ಪಕ್ಕ ಕೂತು ನನ್ನ ಡಬ್ಬಿಯ ಮೊಸರನ್ನ ನಾನು ತಿನ್ನುತ್ತಾ ಇದ್ದೆ, ಏನೂ ಮಾತಾಡಲಿಲ್ಲ. ಸುಮಾರು ಹೊತ್ತಾದ ಮೇಲೆ ಅವಳೇ ಕೈ ಚಾಚಿದಳು. ಆ ಕಂತಿನಲ್ಲಿ ಆತ ಅವಳ ತಲೆ ಬಾಚಿ, ಮುಖಕ್ಕೆ ಬಣ್ಣ ಹಚ್ಚಿ ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುತ್ತಾನಲ್ಲ, ಬರೆದವರು ಇಂಥ ಒಂದು ಕೋಣೆಯನ್ನು ಹತ್ತಿರದಿಂದ ಕಂಡಿದ್ದಾರೇನೋ ಅನ್ನಿಸಿತು. ನಿಯಮ ಮುರಿದು ತೋರಿಸುವ ಸಣ್ಣ ಅಕ್ಕರೆ, ಅದರ ಹಿಂದೆಯೇ ಭಯ, ಇವನಿಗೆ ಕೆಲಸ ಹೋದರೆ ಮನೆ ಹೇಗೆ ಅನ್ನುವ ಚಿಂತೆ. ಎಲ್ಲ ಇದೆ.

ಅವಳ ತಲೆಬುರುಡೆ ಕೊರೆಯುವ ಶಸ್ತ್ರಚಿಕಿತ್ಸೆ ನೋಡಿ ನನ್ನ ಸಹೋದ್ಯೋಗಿಯೊಬ್ಬರು, ಹಳೇ ಕಾಲದ ಅನಾಗರಿಕತೆ ಅಂದರು. ಅಷ್ಟು ಸುಲಭವಾಗಿ ಕೈ ತೊಳೆದುಕೊಳ್ಳಬಾರದು. ರೋಗಿಯನ್ನು ಸರಪಳಿಯಲ್ಲಿ ಕಟ್ಟಬಾರದು, ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡಬಾರದು ಅಂತ ನಮ್ಮ ದೇಶದಲ್ಲಿ ಕಾನೂನಿನಲ್ಲೇ ಬರೆಯಬೇಕಾಗಿ ಬಂದದ್ದು 2017ರಲ್ಲಿ. ಮಾಡುವವರು ಇದ್ದದ್ದಕ್ಕೇ ತಾನೆ ಬರೆದದ್ದು?

ಈ ಕಂತು ನೋಡಿದ ಮೇಲೆ ಕೊನೆಯ ದೃಶ್ಯದ ಬಿಳಿ ಬಟ್ಟೆ ನನಗೆ ಶಾಂತಿಯ ಬಣ್ಣವಾಗಿ ಕಾಣಲಿಲ್ಲ. ಆ ಕೋಣೆಯ ಗೋಡೆಯೇ ಅವಳ ಮೈಮೇಲೆ ಬಂದ ಹಾಗಿತ್ತು.

ಸೂಜಿದಾರ

ರಾತ್ರಿಪಾಳಿ ಅಕ್ಕ, ಬಟ್ಟೆಯ ವಿಷಯ ಎತ್ತಿದ್ದಕ್ಕೆ ಒಂದು ಮಾತು. ವಸ್ತ್ರವಿನ್ಯಾಸ ಗೇಬ್ರಿಯೆಲಾ ಪೆಸ್ಕೂಚಿಯವರದು, ಬಹಳ ದೊಡ್ಡ ಹೆಸರು. ಮೊದಲ ಸೀಸನ್ನಿನಿಂದ ವೆನೆಸ್ಸಾಗೆ ಕತ್ತಿನವರೆಗೆ ಗುಂಡಿ ಹಾಕಿದ ಕಡುಬಣ್ಣದ ಉಡುಪು. ಆ ಕಾಲದಲ್ಲಿ ಕಪ್ಪು ಅಂದರೆ ಸೂತಕ. ವಿಕ್ಟೋರಿಯಾ ರಾಣಿಯೇ 1861ರಲ್ಲಿ ಗಂಡ ಸತ್ತ ಮೇಲೆ 1901ರಲ್ಲಿ ತಾನು ಸಾಯುವವರೆಗೆ ಕಪ್ಪು ಬಿಟ್ಟವಳಲ್ಲ. ವೆನೆಸ್ಸಾ ಕಪ್ಪು ತೊಟ್ಟಿರುವಷ್ಟು ದಿನ ಅವಳು ದುಃಖದಲ್ಲಿದ್ದಾಳೆ, ಆದರೆ ತನ್ನವಳಾಗಿಯೇ ಇದ್ದಾಳೆ. ಬಿಳಿ ಬಂದಾಗಲೆಲ್ಲ ಅವಳ ಮೈ ಬೇರೆಯವರ ವಶದಲ್ಲಿದೆ.

ಕಡಲಬದಿ

ನಾನು ಕಾರ್ಕಳ ಕಡೆಯವಳು. ಮೊದಲ ಸೀಸನ್ನಿನ ಎರಡನೇ ಕಂತು ನೋಡಿ ನಾನು ಮೂರು ದಿನ ಅದರದ್ದೇ ಗುಂಗಿನಲ್ಲಿ ಇದ್ದೆ. ಪ್ರೇತ ಕರೆಯುವ ಆಟಕ್ಕೆ ದೊಡ್ಡ ಮನೆಯಲ್ಲಿ ಎಲ್ಲ ಮೇಜಿನ ಸುತ್ತ ಕೂತಿದ್ದಾರೆ. ಬಾಡಿಗೆಗೆ ಬಂದ ಮಂತ್ರಗಾತಿಯ ಮೈಮೇಲೆ ಬರಬೇಕಾದದ್ದು ವೆನೆಸ್ಸಾ ಮೈಮೇಲೆ ಬರ್ತದೆ. ಮೀನಾಳ ಅಪ್ಪ ಸರ್ ಮಾಲ್ಕಂ ಆಫ್ರಿಕಾದಲ್ಲಿ ಕಳಕೊಂಡ ಮಗನ ಸ್ವರ, ಮಗಳ ಸ್ವರ, ಆತ ಮುಚ್ಚಿಟ್ಟ ಪಾಪ, ಎಲ್ಲವೂ ಅವಳ ಬಾಯಲ್ಲಿ. ಇವಾ ಗ್ರೀನ್ ಮೇಜು ಹತ್ತಿ ಹಿಂದಕ್ಕೆ ಬಾಗಿದ್ದು ನೋಡಿ ಎಲ್ಲರೂ ನಟನೆ ನಟನೆ ಅಂತಾರೆ. ನನ್ನ ಕಣ್ಣು ಹೋದದ್ದು ಸುತ್ತ ಕೂತವರ ಮೇಲೆ. ಒಬ್ಬರಾದರೂ, ನೀನು ಯಾರು, ನಿನಗೆ ಏನು ಬೇಕು ಅಂತ ಕೇಳಲಿಲ್ಲ ಮಾರಾಯ್ರೇ!

ನಮ್ಮಲ್ಲಿ ತುಳುನಾಡಿನ ದೈವ ಸಿರಿಯ ಜಾತ್ರೆ ಉಂಟು. ಹುಣ್ಣಿಮೆ ರಾತ್ರಿ, ಕವತ್ತಾರಿನಲ್ಲಿ, ನಂದಳಿಕೆಯಲ್ಲಿ. ನಾನು ಸಣ್ಣದಿರುವಾಗ ಅಜ್ಜಿ ಜೊತೆ ಹೋಗಿ ನೋಡಿದ್ದೇನೆ. ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ನಿಂತಿರ್ತಾರೆ. ಸಿರಿ ಮೈಮೇಲೆ ಬರ್ತಾಳೆ, ಅವಳ ಕಥೆಯ ಸೊನ್ನೆ ಬರ್ತಾಳೆ, ಗಿಂಡೆ ಬರ್ತಾಳೆ. ಸಿರಿಯ ಮಗ ಕುಮಾರನ ಪಾತ್ರಿ ಒಬ್ಬೊಬ್ಬರ ಎದುರು ನಿಂತು ಕೇಳ್ತಾನೆ, ನೀನು ಯಾರು? ಅವಳು ಸಂಧಿ, ಅಂದರೆ ಸಿರಿಯ ಕಥೆಯ ಹಾಡು, ಹಾಡ್ತಾ ತನ್ನ ಹೆಸರು ಹೇಳಬೇಕು. ಹೊಸದಾಗಿ ಬಂದ ಹುಡುಗಿ, ಮನೆಯಲ್ಲಿ ತಿಂಗಳುಗಟ್ಟಲೆ ಅಳುತ್ತಾ ಬಿದ್ದವಳು, ಅಲ್ಲಿ ಬಾಯಿ ಬಿಡ್ತಾಳೆ. ಗಂಡನನ್ನೇ ಬಿಟ್ಟು ಬಂದ ಸಿರಿಯ ಕಥೆಯೊಳಗೆ ತನ್ನ ಕಥೆ ಹೇಳಿಕೊಳ್ತಾಳೆ. ಸುತ್ತ ನೂರಾರು ಹೆಂಗಸರು ಅದೇ ಸ್ಥಿತಿಯಲ್ಲಿ. ಅವಳು ಒಂಟಿ ಅಲ್ಲ.

ಎಲ್ಲವೂ ಅಲ್ಲಿ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ನಮ್ಮ ಅಜ್ಜಿಗೆ ಅಲ್ಲಿ ವರ್ಷಕ್ಕೆ ಒಂದು ರಾತ್ರಿ ಮಾತ್ರ ಬಾಯಿ ಇತ್ತು, ಉಳಿದ ದಿನ ಇರಲಿಲ್ಲ. ಆದರೆ ವೆನೆಸ್ಸಾಗೆ ಆ ಒಂದು ರಾತ್ರಿಯೂ ಸಿಗಲಿಲ್ಲ ಅಲ್ವಾ? ಅವಳ ಮೈಮೇಲೆ ಬಂದದ್ದು ರೋಗ ಅಂತ ವೈದ್ಯರು ತಲೆ ಕೊರೆದರು, ಪಾಪ ಅಂತ ಅಮ್ಮ ಅಂಜಿದಳು. ಅವಳಿಗೆ ಹಾಡಲಿಕ್ಕೆ ಒಂದು ಸಂಧಿ ಇರಲಿಲ್ಲ. ಅವಳನ್ನು ಕೊಂದದ್ದು ಡ್ರಾಕುಲಾ ಅಲ್ಲ, ಅದು.

ಇಂಗ್ಲಿಷ್ ಮೇಷ್ಟ್ರು

ಕಡಲಬದಿಯವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮಗೆ ಇಷ್ಟವಾಗಬಹುದಾದ ಒಂದು ವಿಷಯ: ಕಾದಂಬರಿಯಲ್ಲಿ ಡಾಕ್ಟರ್ ಸೀವರ್ಡ್ ಗಂಡಸು. ತನ್ನ ದಿನಚರಿಯನ್ನು ಫೋನೋಗ್ರಾಫಿನ ಮೇಣದ ಉರುಳೆಗಳಲ್ಲಿ ತುಂಬಿಸುತ್ತಾನೆ. ಸರಣಿಯಲ್ಲಿ ಸೀವರ್ಡ್ ಹೆಂಗಸು, ಪ್ಯಾಟಿ ಲುಪೋನ್. ಉರುಳೆಯಲ್ಲಿ ತುಂಬುವುದು ವೆನೆಸ್ಸಾಳ ದನಿ. ಎರಡನೇ ಸೀಸನ್ನಿನಲ್ಲಿ ಮದ್ದಿನ ಮುದುಕಿ ಆಗಿದ್ದವರೂ ಇದೇ ಲುಪೋನ್. ಒಬ್ಬಳು ಮಂತ್ರ ಕಲಿಸಿದಳು, ಇನ್ನೊಬ್ಬಳು ಕೂತು ಕೇಳಿದಳು. ನೀವು ಹೇಳುವ ‘ನೀನು ಯಾರು’ ಎಂಬ ಪ್ರಶ್ನೆಯನ್ನು ಇಡೀ ಸರಣಿಯಲ್ಲಿ ಕೇಳಿದವಳು ಅವಳೊಬ್ಬಳೇ. ತಡವಾಗಿತ್ತು.

ಹುಬ್ಬಳ್ಳಿ ಜಂಕ್ಷನ್

ಹಂಗಂದ್ರ ನಾನೂ ಒಂದು ಹೇಳ್ತೀನ್ರಿ. ಸೆಂಬೇನೆ. ಸರ್ ಮಾಲ್ಕಂನ ಜೋಡಿ ಆಫ್ರಿಕಾದಿಂದ ಬಂದಾಂವ. ಡ್ಯಾನಿ ಸಪಾನಿ ಏನ್ ಗತ್ತಿನಿಂದ ನಿಂತಾನ ಅಂತೀರಿ. ಎರಡು ಸೀಸನ್ನು ಬಾಗಿಲ ತೆರದ, ಅಡಗಿ ಮಾಡಿದ, ಕತ್ತಿ ಹಿಡದ. ಆಂವನ ಕಥಿ ಏನು ಅಂತ ಯಾರೂ ಕೇಳಲಿಲ್ಲ. ಕಡೀಗೆ ಹುಣ್ಣಿಮಿ ರಾತ್ರಿ ತೋಳ ಆಗೂ ಈಥನ್ನನ ಕೈಯಾಗ ಸತ್ತ. ಮೂರನೇ ಸೀಸನ್ನಿನಾಗ ಆಂವನ ಹೆಣ ಆಫ್ರಿಕಾಕ್ಕ ಒಯ್ದು ಮಣ್ಣು ಮಾಡೂದನ್ನ ತೋರಿಸಿದ್ರು. ಬದುಕಿದ್ದಾಗ ಆಂವನ ಊರು ತೋರಿಸಲಿಲ್ಲ, ಸತ್ತ ಮ್ಯಾಲ ತೋರಿಸಿದ್ರು. ನನಗ ವೆನೆಸ್ಸಾನ ಸಾವಿಗಿಂತ ಇದು ಹೆಚ್ಚು ಚುಚ್ಚಿತು.

ಇಂಗ್ಲಿಷ್ ಮೇಷ್ಟ್ರು

ಪೂರ್ತಿ ಒಪ್ಪುತ್ತೇನೆ. ಜೆಕಿಲ್ ಕೂಡ ಹಾಗೇ. ಭಾರತೀಯ ತಾಯಿ, ಇಂಗ್ಲಿಷ್ ಶ್ರೀಮಂತ ತಂದೆ. 1886ರ ಮೂಲ ಕಥೆಯಲ್ಲಿ ಇಲ್ಲದ ಸಂಗತಿ ಇದು, ಹೊಸದಾಗಿ ಸೇರಿಸಿದ್ದು, ಒಳ್ಳೆಯ ಯೋಚನೆಯೇ. ಒಂದೇ ಮೈಯಲ್ಲಿ ಇಬ್ಬರು ಅನ್ನುವ ಕಥೆಗೆ ವಸಾಹತು ಕಾಲದ ಮಿಶ್ರರಕ್ತದ ಹುಡುಗನಿಗಿಂತ ಸರಿಯಾದವನು ಸಿಗುವುದಿಲ್ಲ. ಆದರೆ ಆ ತಾಯಿಯನ್ನು ತೆರೆಯ ಮೇಲೆ ನಾವು ಒಮ್ಮೆಯೂ ನೋಡುವುದಿಲ್ಲ. ಮಗನ ಸಿಟ್ಟಿಗೆ ಕಾರಣ ಒದಗಿಸಿ ಅವಳು ಮುಗಿದುಹೋಗುತ್ತಾಳೆ.

ಅವನು ಪ್ರಯೋಗ ನಡೆಸುವ ಬೆತ್ಲೆಮ್ ಹುಚ್ಚಾಸ್ಪತ್ರೆ ಆಗ ಇದ್ದದ್ದು ಲಂಡನ್ನಿನ ಸದರ್ಕ್ ಭಾಗದಲ್ಲಿ. ಆ ಕಟ್ಟಡ ಈಗಲೂ ಇದೆ, 1936ರಿಂದ ಅದು ಯುದ್ಧ ವಸ್ತುಸಂಗ್ರಹಾಲಯ. ಹಾಗೆಯೇ ಕಾಲದ ಎರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಗ್ರಾಂ ಗಿನ್ಯೋಲ್ ಹೆಸರಿನ ರಕ್ತಪಾತದ ನಾಟಕಶಾಲೆ ಹುಟ್ಟಿದ್ದು 1897ರಲ್ಲಿ, ಅದೂ ಪ್ಯಾರಿಸ್ಸಿನಲ್ಲಿ. ಸರಣಿ ಅದನ್ನು 1891ರ ಲಂಡನ್ನಿಗೆ ತಂದಿದೆ. ಕಾಲರಾ ನಿರಾಶ್ರಿತರ ಸುರಂಗವೂ ಹಾಗೇ, ಲಂಡನ್ನಿನ ಕೊನೆಯ ದೊಡ್ಡ ಕಾಲರಾ 1866ರದು. ಇದರಿಂದ ನನಗೆ ಬೇಸರವಿಲ್ಲ. ಪೆನ್ನಿ ಕಥೆಗಳೂ ಕಾಲ ದೇಶದ ಗೊಡವೆ ಇಟ್ಟುಕೊಂಡವಲ್ಲ.

ಪೀಟರ್‌ಬರೋ ಕನ್ನಡಿಗ

ಆ ಕಾಲರಾ ಸುರಂಗದ ದೃಶ್ಯಕ್ಕೇ ನಾನು ಈ ಸರಣಿಗೆ ಸೋತದ್ದು. ವೆನೆಸ್ಸಾ ಬಡವರಿಗೆ ಗಂಜಿ ಹಾಕಲು ಬರುತ್ತಾಳೆ. ಮೂಲೆಯಲ್ಲಿ ಮುಖ ಮರೆಮಾಡಿಕೊಂಡು ಕೂತ, ಫ್ರಾಂಕನ್‌ಸ್ಟೈನ್ ಜೀವ ತುಂಬಿದ ಆ ಜೀವಿ ತನ್ನ ಹೆಸರು ಜಾನ್ ಕ್ಲೇರ್ ಅನ್ನುತ್ತಾನೆ. ಅದು ಕವಿಯ ಹೆಸರು ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ ಅವನನ್ನು ಆ ಹೆಸರಿನಿಂದಲೇ ಕರೆಯುತ್ತಾಳೆ.

ನಾನು ಇರುವ ಊರಿನಿಂದ ಹೆಲ್ಪ್‌ಸ್ಟನ್ ಹಳ್ಳಿ ಹತ್ತಿರವೇ. ನಿಜವಾದ ಜಾನ್ ಕ್ಲೇರ್ ಹುಟ್ಟಿದ್ದು ಅಲ್ಲಿ, 1793ರಲ್ಲಿ. ಕೂಲಿಯವನ ಮಗ, ತಾನೂ ಹೊಲದಲ್ಲಿ ದುಡಿದವನು. ಕೆಲ ಕಾಲ ಲಂಡನ್ನಿನ ಸಾಹಿತ್ಯದವರು ರೈತಕವಿ ಅಂತ ತಲೆ ಮೇಲೆ ಹೊತ್ತು ಮೆರೆಸಿದರು, ಆಮೇಲೆ ಮರೆತರು. 1841ರಲ್ಲಿ ಎಸೆಕ್ಸ್‌ನ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು, ದಾರಿಯಲ್ಲಿ ಹುಲ್ಲು ಕಿತ್ತು ತಿಂದು, ನಾಲ್ಕು ದಿನ ನಡೆದು ಊರಿಗೆ ಬಂದ. ಅದೇ ವರ್ಷ ಅವನನ್ನು ನಾರ್ಥಾಂಪ್ಟನ್ನಿನ ಹುಚ್ಚಾಸ್ಪತ್ರೆಗೆ ಸೇರಿಸಿದರು. 1864ರಲ್ಲಿ ಅಲ್ಲಿಯೇ ಸತ್ತ. ‘ನಾನಿದ್ದೇನೆ’ ಅಂತ ಶುರುವಾಗುವ ಅವನ ಪದ್ಯ ಬರೆದದ್ದು ಅಲ್ಲೇ. ಆ ಸುರಂಗದಲ್ಲಿ ಇವರಿಬ್ಬರೂ ಹೇಳುವ ಸಾಲುಗಳು ಅವೇ.

ಸರಣಿ ನೋಡಿದ ಮೇಲೆ ಒಂದು ಭಾನುವಾರ ಹೆಂಡತಿ ಮಗಳ ಜೊತೆ ಹೆಲ್ಪ್‌ಸ್ಟನ್‌ಗೆ ಹೋಗಿದ್ದೆ. ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ. ಕವಿ ಹುಟ್ಟಿ ಬರುತ್ತಾನೆ, ಮಾಡಿ ಆಗುವವನಲ್ಲ ಅನ್ನುವ ಅರ್ಥದ ಸಾಲು ಕಲ್ಲಿನ ಮೇಲಿದೆ. ನಾನು ಅದನ್ನು ಓದಿ ಅಲ್ಲೇ ನಿಂತುಬಿಟ್ಟೆ. ಫ್ರಾಂಕನ್‌ಸ್ಟೈನ್ ‘ಮಾಡಿದ’ ಜೀವಿ ತನಗೆ ಇಟ್ಟುಕೊಂಡ ಹೆಸರು ಈ ಮನುಷ್ಯನದು. ಮಗಳು, ಯಾಕೆ ಅಪ್ಪ ಅಳ್ತಿದ್ದೀಯಾ ಅಂದಳು. ಹೇಳಲು ಮಾತು ಬರಲಿಲ್ಲ.

ಹೇಳಬೇಕಾದದ್ದು ಇಷ್ಟು. 1931ರ ಸಿನಿಮಾ ಆ ಜೀವಿಯ ಮಾತು ಕಿತ್ತುಕೊಂಡಿತ್ತು, ಅಲ್ಲಿಂದ ಮುಂದೆ ಎಲ್ಲರ ಮನಸ್ಸಿನಲ್ಲಿ ಅವನು ಗೊಗ್ಗರು ದನಿಯ ರಾಕ್ಷಸ. ಮೂಲ ಕಾದಂಬರಿಯಲ್ಲಿ ಅವನು ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಅಂತ ಓದಿದವರಿಗೆ ಗೊತ್ತು. ಈ ಸರಣಿ ಅವನ ಮಾತನ್ನು ಅವನಿಗೆ ಹಿಂತಿರುಗಿಸಿತು. ಅದೊಂದಕ್ಕೆ ಉಳಿದ ಎಲ್ಲ ತಪ್ಪನ್ನೂ ನಾನು ಮನ್ನಿಸುತ್ತೇನೆ.

ರಾತ್ರಿಪಾಳಿ

ಕನ್ನಡಿಗ ಅಣ್ಣ, ನೀವು ಬರೆದದ್ದನ್ನು ಪಾಳಿ ಮುಗಿಸಿ ಬಸ್ಸಿನಲ್ಲಿ ಓದಿದೆ. ಕಣ್ಣು ತುಂಬಿತು. ಆ ಜೀವಿಯ ಮಗ ಕ್ಷಯದಿಂದ ಸಾಯುತ್ತಾನಲ್ಲ. ಫ್ರಾಂಕನ್‌ಸ್ಟೈನ್ ಹತ್ತಿರ ಒಯ್ದು ಬದುಕಿಸು ಅಂತ ಹೆಂಡತಿ ಹಟ ಹಿಡಿಯುತ್ತಾಳೆ. ಅವನು ಒಯ್ಯುವುದಿಲ್ಲ, ಮಗನ ದೇಹವನ್ನು ಥೇಮ್ಸ್ ನದಿಗೆ ಬಿಡುತ್ತಾನೆ. ಮಗನ ಮೇಲಿನ ಪ್ರೀತಿ ಅಂದರೆ ಏನು ಅಂತ ನನಗೆ ಇಷ್ಟು ಕಠಿಣವಾಗಿ ಯಾರೂ ತೋರಿಸಿರಲಿಲ್ಲ.

ದಾರಿಹೋಕ

ನಾನು ಬೆಂಗಳೂರಿನ ಶ್ರೀರಾಂಪುರದಲ್ಲಿ ಬೆಳೆದವನು. 90ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿತ್ತು. ರಾತ್ರಿ ದೆವ್ವ ನಮ್ಮವರದ್ದೇ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಮುಗೀತು ಅನ್ನೋರು. ಎಷ್ಟೋ ರಾತ್ರಿ ಅಮ್ಮ ಕರೆದರೂ ನಾನು ಮೂರು ಸಲ ಕರೆಯಲಿ ಅಂತ ಕಾಯುತ್ತಿದ್ದೆ.

ಈ ಸರಣಿಯ ಡ್ರಾಕುಲಾ ನನಗೆ ಅದನ್ನೇ ನೆನಪಿಸಿದ. ಕೋರೆಹಲ್ಲು ತೋರಿಸಿಕೊಂಡು ಬರುವುದಿಲ್ಲ. ವಸ್ತುಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ನಡುವೆ ಕೆಲಸ ಮಾಡುವ, ನಾಚಿಕೆ ಸ್ವಭಾವದ ಡಾಕ್ಟರ್ ಸ್ವೀಟ್ ಆಗಿ ಬರುತ್ತಾನೆ. ಅವಳು ಯಾವ ದನಿಗೆ ಹಂಬಲಿಸುತ್ತಿದ್ದಳೋ ಅದೇ ದನಿ. ಬಾಗಿಲು ತೆಗೆಯುವವಳು ಅವಳೇ ಆಗಬೇಕು, ಅಲ್ಲಿಯವರೆಗೆ ಕಾಯುತ್ತಾನೆ. ಹುಬ್ಬಳ್ಳಿಯವರು ಅವಳೇ ಒಪ್ಪಿ ಹೋದಳು ಅಂದರಲ್ಲ, ಸರ್, ಅದು ಒಪ್ಪಿಗೆಯಾ? ಅಮ್ಮನ ದನಿಯಲ್ಲಿ ಕರೆದರೆ ಮಗು ಬಾಗಿಲು ತೆಗೆಯದೆ ಇರುತ್ತಾ?

ಹುಬ್ಬಳ್ಳಿ ಜಂಕ್ಷನ್

ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ರಿ. ಆಕಿನ ಒಪ್ಪಿ ಹೋದ್ಲು ಅಂದಿದ್ದ ಮಾತು ಹಿಂದ ತಗೋತೀನಿ. ಸಾವನ್ನ ಆಕಿನ ಕೇಳಿ ತಗೊಂಡಾಳ ಅಂದ ಮಾತು ಮಾತ್ರ ಹಿಂದ ತಗೊಳ್ಳೂದಿಲ್ಲ. ಬಾಗಲಾ ತೆರದದ್ದು ಮೋಸದಾಗ ಇರಬಹುದು, ಮುಚ್ಚಿದ್ದು ಮಾತ್ರ ಆಕಿನ.

ಹೊಸ ಸದಸ್ಯೆ

ನಾನು ಎರಡನೇ ಸೀಸನ್ ನೋಡುತ್ತಿದ್ದಾಗ ಈ ಚರ್ಚೆ ಕಣ್ಣಿಗೆ ಬಿತ್ತು. ಮೇಲಿನ ಎಚ್ಚರಿಕೆ ನೋಡಿ ಓದದೆ ಹೋಗಿದ್ದೆ. ನಿನ್ನೆ ರಾತ್ರಿ ಮುಗಿಸಿ ಈಗ ಎಲ್ಲ ಓದಿದೆ.

ನನಗೆ ಅನ್ನಿಸಿದ್ದು ಒಂದೇ. ಮೂರನೇ ಸೀಸನ್ನಿನಲ್ಲಿ ಆ ಜೀವಿಯೂ ವೆನೆಸ್ಸಾಳೂ ಇಬ್ಬರೂ ಲಂಡನ್ನಿನಲ್ಲೇ ಇದ್ದರು. ಇವಳು ನೆನಪಿನೊಳಗೆ ಅವನನ್ನು ಕಂಡಳು. ಎದುರಾಎದುರು ಮಾತ್ರ ಒಂದು ಸಲವೂ ಸಿಗಲಿಲ್ಲ. ಮಗ ಸತ್ತ ಮೇಲೆ ಅವನು ಅವಳ ಮನೆಗೆ ಬರುತ್ತಾನೆ. ಬಾಗಿಲಿನಿಂದ ಶವಪೆಟ್ಟಿಗೆ ಹೊರಗೆ ಬರುತ್ತಿರುತ್ತದೆ. ಎಲ್ಲರೂ ಹೋದ ಮೇಲೆ ಸಮಾಧಿಯ ಹತ್ತಿರ ಮಂಡಿಯೂರಿ ಕೂರುತ್ತಾನೆ, ವರ್ಡ್ಸ್‌ವರ್ತ್‌ನ ಸಾಲುಗಳು ಅವನದೇ ದನಿಯಲ್ಲಿ ಕೇಳುತ್ತವೆ.

ಅವಳು ಬದುಕಿದ್ದು ಬಾಗಿಲು ತೆಗೆದಿದ್ದರೆ ಅವನು ಏನು ಹೇಳುತ್ತಿದ್ದ ಅಂತ ಬೆಳಗ್ಗೆಯಿಂದ ಯೋಚಿಸುತ್ತಿದ್ದೇನೆ.

ಕಿಟಕಿ ಪಕ್ಕದ ಸೀಟು

ಮಗ ಹೋದ ಅಂತ ಹೇಳುತ್ತಿದ್ದ. ಅವಳು ಒಳಗೆ ಕರೆದು ಚಹಾ ಕೊಡುತ್ತಿದ್ದಳು.